9 ವರ್ಷ ಗೋಲು ಕಾಯ್ದವರನ್ನು ಹೊಸ ಆಟದ ಪದ್ಧತಿಗಾಗಿ ಬೆಂಚಿನಲ್ಲಿ ಕೂರಿಸಿದ್ದೇನೆ: ತಪ್ಪು ಮಾಡಿದೆನೇ?

ಮೂರನೇ ಬ್ಯಾಕ್

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನ ಒಂದು ಊರಿನ ಫುಟ್‌ಬಾಲ್ ತಂಡಕ್ಕೆ ಕಳೆದ ಜೂನ್‌ನಿಂದ ನಾನು ಕೋಚ್ ಆಗಿದ್ದೇನೆ. ಊರಿನ ಹೆಸರನ್ನಾಗಲಿ ಆಟಗಾರರ ಹೆಸರನ್ನಾಗಲಿ ಬೇಕೆಂದೇ ಬರೆದಿಲ್ಲ. ಗೊತ್ತಿರುವವರು ದಯವಿಟ್ಟು ನೀವೂ ಬರೆಯಬೇಡಿ.

ನಮ್ಮ ಗೋಲನ್ನು 9 ವರ್ಷಗಳಿಂದ ಒಬ್ಬರೇ ಕಾಯುತ್ತಿದ್ದರು. ಅವರಿಗೆ ಈಗ 33 ವರ್ಷ. ಹಗಲು ಪಿಕಪ್ ಓಡಿಸಿ, ಸಂಜೆ ಐದಕ್ಕೆ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು ಬಲೆ ಕಟ್ಟುವವರು ಅವರೇ. ಪಂದ್ಯ ಟೈಬ್ರೇಕರ್‌ಗೆ ಹೋಯಿತೆಂದರೆ ನಾವು ಗೆದ್ದಂತೆಯೇ ಎಂದು ಊರಿನವರು ಹೇಳುತ್ತಾರೆ, ಮತ್ತು ಆ ಮಾತಿನಲ್ಲಿ ಹೆಚ್ಚಿನ ಉತ್ಪ್ರೇಕ್ಷೆ ಇಲ್ಲ. ಇಲ್ಲಿಯವರೆಗೆ ನಮ್ಮ ಆಟ ಸರಳವಾಗಿತ್ತು. ಚೆಂಡು ಕೀಪರ್ ಕೈಗೆ ಸಿಕ್ಕಿದ ಕೂಡಲೇ ಅದು ಎತ್ತರದ ಸೆಂಟರ್ ಫಾರ್ವರ್ಡ್‌ನ ತಲೆಯ ಕಡೆಗೆ ಹಾರುತ್ತಿತ್ತು. ಆ ಹುಡುಗ ಮಾರ್ಚ್‌ನಲ್ಲಿ ಕೆಲಸ ಸಿಕ್ಕಿ ದುಬೈಗೆ ಹೋದ. ಈಗ ಉಳಿದಿರುವವರೆಲ್ಲ ಕುಳ್ಳಗಿನ, ಚುರುಕು ಕಾಲಿನ ಹುಡುಗರು. ಎತ್ತರದ ಚೆಂಡು ಹಾಕಿದರೆ ಹತ್ತರಲ್ಲಿ ಎಂಟು ಎದುರಾಳಿಗೇ ಸಿಗುತ್ತದೆ. ಆದ್ದರಿಂದ ಮೂವರು ಬ್ಯಾಕ್‌ಗಳನ್ನು ಇಟ್ಟುಕೊಂಡು, ಕೀಪರ್‌ನನ್ನು ನಾಲ್ಕನೆಯವನಾಗಿ ಸೇರಿಸಿ, ಹಿಂದಿನಿಂದಲೇ ನೆಲದ ಮೇಲೆ ಆಟ ಕಟ್ಟಿಕೊಂಡು ಬರುವ ಪದ್ಧತಿಯನ್ನು ತಂದೆ. ಅದಕ್ಕೆ ತಕ್ಕಂತೆ, ಹೈಸ್ಕೂಲಿನವರೆಗೆ ಲೆಫ್ಟ್ ಹಾಫ್ ಆಡಿ ಆಮೇಲೆ ಕೀಪರ್ ಆದ, ಎರಡೂ ಕಾಲು ಸಮನಾಗಿ ಓಡುವ 19 ವರ್ಷದ ಹುಡುಗನನ್ನು ಅಕ್ಟೋಬರ್‌ನ ಎರಡು ಪಂದ್ಯಗಳಿಗೆ ಇಳಿಸಿದೆ.

ಮೊದಲನೆಯದನ್ನು 1–2ರಿಂದ ಸೋತೆವು, ಎರಡನೆಯದು 1–1ರಲ್ಲಿ ಮುಗಿಯಿತು. ಸೋತ ಪಂದ್ಯದ 23ನೇ ನಿಮಿಷದಲ್ಲಿ ಹುಡುಗ ಎಡ ಸ್ಟಾಪರ್‌ಗೆ (ಮೂವರು ಬ್ಯಾಕ್‌ಗಳಲ್ಲಿ ಎಡಗಡೆಯವನಿಗೆ) ಹಾಕಿದ ಪಾಸ್, ಶಾಲೆಯ ಕಡೆಯ ತಗ್ಗಿನಲ್ಲಿ ನಿಂತಿದ್ದ ನೀರಿನಲ್ಲಿ ಸಿಕ್ಕಿಕೊಂಡಿತು. ಎದುರಾಳಿ ಫಾರ್ವರ್ಡ್ ಓಡಿ ಬಂದು ಅದನ್ನು ಬರಿದಾದ ಗೋಲಿಗೆ ತಳ್ಳಿದ. ಆಗ ಗೇಟಿನ ಬಳಿ ನಿಂತಿದ್ದ ಜನ ಬೆಂಚಿನಲ್ಲಿದ್ದ ಹಳೆಯ ಕೀಪರ್ ಹೆಸರನ್ನು ಕೂಗಲು ಆರಂಭಿಸಿದವರು ಪಂದ್ಯ ಮುಗಿಯುವವರೆಗೂ ನಿಲ್ಲಿಸಲಿಲ್ಲ.

ಏಪ್ರಿಲ್–ಮೇ ತಿಂಗಳ ಪಂದ್ಯಾವಳಿಗಳಿಗೆ ಈಗಿನಿಂದಲೇ ತಂಡವನ್ನು ಕಟ್ಟಬೇಕು. ಹಿಡಿದ ದಾರಿಯಲ್ಲಿ ಮುಂದುವರಿಯಬೇಕೇ, ಹಳಬರನ್ನು ವಾಪಸು ತರಬೇಕೇ? ಮನಸ್ಸಿಗೆ ಸಮಾಧಾನವಿಲ್ಲದೆ ಕೇಳುತ್ತಿದ್ದೇನೆ.

ಕಕ್ಕಡದ ಮಳೆ

ಹಳಬರನ್ನೇ ಆಡಿಸಿ. ನಿಂತ ನೀರಿನಲ್ಲಿ ಚೆಂಡು ಉರುಳುವುದಿಲ್ಲ.

ಕುಶಾಲನಗರದ ಸಿಟಿ ಅಭಿಮಾನಿ

ಕೋಚ್ ಅವರೇ, ನೀವು ಪಡುತ್ತಿರುವ ಪಾಡನ್ನು ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳು 2016ರಲ್ಲಿ ಹತ್ತಿರದಿಂದ ಕಂಡಿದ್ದಾರೆ. ಗಾರ್ಡಿಯೋಲಾ ಕೋಚ್ ಆಗಿ ಬಂದಾಗ ಜೋ ಹಾರ್ಟ್ ಆ ಕ್ಲಬ್ಬಿನ ಮುಖವೇ ಆಗಿದ್ದರು. 2012 ಮತ್ತು 2014ರ ಲೀಗ್ ಪ್ರಶಸ್ತಿ ಗೆದ್ದ ತಂಡಗಳ ಕೀಪರ್ ಅವರು, ಋತುವಿನಲ್ಲಿ ಅತಿ ಹೆಚ್ಚು ಪಂದ್ಯಗಳಲ್ಲಿ ಗೋಲು ಬಿಡದ ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೌ ಪ್ರಶಸ್ತಿಯನ್ನು ನಾಲ್ಕು ಬಾರಿ ಪಡೆದವರು. ಅವರನ್ನು ಒಂದು ಪಂದ್ಯಕ್ಕೂ ಇಳಿಸದೆ ಇಟಲಿಯ ಟೊರಿನೊ ಕ್ಲಬ್ಬಿಗೆ ಸಾಲವಾಗಿ ಕಳುಹಿಸಿದರು. ಅವರ ಜಾಗಕ್ಕೆ ಬಾರ್ಸಿಲೋನಾದಿಂದ ಬಂದ ಕ್ಲಾಡಿಯೊ ಬ್ರಾವೊ ಸಾಮಾನ್ಯ ಆಟಗಾರನಲ್ಲ, ಚಿಲಿಗೆ ಎರಡು ಕೋಪಾ ಅಮೆರಿಕ ಗೆದ್ದುಕೊಟ್ಟ ನಾಯಕ. ಆದರೂ ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಸಿಟಿ ಪರ ಆಡಿದ ಮೊದಲ ಪಂದ್ಯದಲ್ಲೇ ಕೈಗೆ ಬಂದ ಚೆಂಡನ್ನು ಬಿಟ್ಟು ಇಬ್ರಾಹಿಮೋವಿಚ್‌ಗೆ ಗೋಲು ಕೊಟ್ಟರು. ಅಕ್ಟೋಬರ್‌ನಲ್ಲಿ ತಮ್ಮ ಹಳೆಯ ಮೈದಾನ ಕ್ಯಾಂಪ್ ನೌನಲ್ಲಿ, ಬಾಕ್ಸಿನ ಹೊರಗೆ ಬಂದು ಹಾಕಿದ ಪಾಸ್ ತಪ್ಪಿ, ಕೈಯಿಂದ ಚೆಂಡು ತಡೆದು ಕೆಂಪು ಕಾರ್ಡ್ ಪಡೆದರು. ತಂಡ 4–0ರಿಂದ ಸೋತಿತು. ಆ ಋತು ಮುಗಿಯುವ ಮೊದಲೇ ಇನ್ನೊಬ್ಬ ಕೀಪರ್ ಕಬಾಯೆರೊ ಅವರನ್ನು ಇಳಿಸಬೇಕಾಯಿತು.

ಆದರೆ ಗಾರ್ಡಿಯೋಲಾ ಪದ್ಧತಿಯನ್ನು ಬಿಡಲಿಲ್ಲ, ಕೀಪರ್‌ನನ್ನು ಬದಲಿಸಿದರು. 2017ರಲ್ಲಿ ಬೆನ್ಫಿಕಾದಿಂದ ಎಡರ್ಸನ್ ಬಂದರು, ಮರುವರ್ಷವೇ ತಂಡ 100 ಅಂಕ ಗಳಿಸಿ ಲೀಗ್ ಗೆದ್ದಿತು. ಎರಡು ಪಂದ್ಯಗಳಿಗೇ ಹೆದರಿ ಹಿಂದೆ ಸರಿಯಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಗೋಣಿಕೊಪ್ಪ ರೈಟ್ ಬ್ಯಾಕ್

ಒಂದು ತಿದ್ದುಪಡಿ. ಹಾರ್ಟ್ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ ಎನ್ನುವುದು ಸರಿಯಲ್ಲ. ಆಗಸ್ಟ್ 2016ರಲ್ಲಿ ಸ್ಟಿವಾ ಬುಕಾರೆಸ್ಟ್ ವಿರುದ್ಧದ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನ ಎರಡನೇ ಪಂದ್ಯದಲ್ಲಿ ಅವರು ನಾಯಕನ ಪಟ್ಟಿ ಕಟ್ಟಿಕೊಂಡು ಆಡಿದರು, ತವರಿನ ಜನ ಇಡೀ ಸಂಜೆ ಅವರ ಹೆಸರನ್ನೇ ಹಾಡಿದರು. ಆ ಬೀಳ್ಕೊಡುಗೆಯಾದರೂ ಅವರಿಗೆ ದಕ್ಕಿತು. ಆಮೇಲೆ ಸೆಲ್ಟಿಕ್‌ಗೆ ಹೋಗಿ ಸ್ಕಾಟ್ಲೆಂಡ್‌ನ ಲೀಗನ್ನು ಮೂರು ಬಾರಿ ಗೆದ್ದು 2024ರಲ್ಲಿ ನಿವೃತ್ತರಾದರು.

ಕುಶಾಲನಗರದ ಸಿಟಿ ಅಭಿಮಾನಿ

ಹೌದು, ಆ ಪಂದ್ಯ ನನಗೆ ಮರೆತೇಹೋಗಿತ್ತು. ತಿದ್ದಿದ್ದಕ್ಕೆ ಧನ್ಯವಾದ.

ಗದ್ದೆ ಬದಿ

ಸಿಟಿ ಅಭಿಮಾನಿಯವರೇ, ಹೋಲಿಕೆ ಚೆನ್ನಾಗಿದೆ, ಆದರೆ ಅದು ಈ ಕೋಚ್ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ. ಬ್ರಾವೊ ಸರಿಹೋಗದಿದ್ದಾಗ ಗಾರ್ಡಿಯೋಲಾ ಸುಮಾರು 35 ಮಿಲಿಯನ್ ಪೌಂಡ್ ಕೊಟ್ಟು ಇನ್ನೊಬ್ಬರನ್ನು ತರಿಸಿಕೊಂಡರು. ನಮ್ಮ ಊರಿನ ತಂಡಕ್ಕೆ ಇರುವುದು ಇಬ್ಬರೇ ಕೀಪರ್. ಒಬ್ಬರ ಮನಸ್ಸು ಮುರಿದು, ಇನ್ನೊಬ್ಬನ ಧೈರ್ಯವೂ ಹೋದರೆ ಗೋಲಿನಲ್ಲಿ ನಿಲ್ಲುವವರು ಯಾರು?

ಇನ್ನೊಂದು ವಿಷಯ. ಅದೇ ಗಾರ್ಡಿಯೋಲಾ 2025ರಲ್ಲಿ ಎಡರ್ಸನ್ ಟರ್ಕಿಗೆ ಹೋದಾಗ ಯಾರನ್ನು ತಂದರು? ಡೊನ್ನರುಮ್ಮಾ ಅವರನ್ನು. ಪ್ಯಾರಿಸ್ ತಂಡ ಮೇ ತಿಂಗಳಲ್ಲಿ ಇಂಟರ್ ಅನ್ನು 5–0ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಗೋಲು ಕಾಯ್ದದ್ದು ಅವರೇ. ಆದರೂ ತನಗೆ ಬೇರೆ ಬಗೆಯ ಕೀಪರ್ ಬೇಕು ಎಂದು ಪ್ಯಾರಿಸ್ ಕೋಚ್ ಲೂಯಿಸ್ ಎನ್ರಿಕೆ ಆಗಸ್ಟ್‌ನಲ್ಲಿ ಅವರನ್ನು ತಂಡದ ಪಟ್ಟಿಯಿಂದಲೇ ಕೈಬಿಟ್ಟು, ಲೀಲ್ ಕ್ಲಬ್ಬಿನ ಶೆವಾಲಿಯೆ ಅವರನ್ನು ಕರೆತಂದಿದ್ದರು. ಕಾಲಿನ ಆಟದಲ್ಲಿ ಹಿಂದೆ ಎಂದು ಒಬ್ಬರು ಬಿಟ್ಟ ಕೀಪರ್‌ನನ್ನು, ಆ ಕಾಲಿನ ಆಟವನ್ನು ಜಗತ್ತಿಗೆ ಕಲಿಸಿದವರೇ ಮನೆ ತುಂಬಿಸಿಕೊಂಡರು. ಗೋಲು ತಡೆಯುವವನ ಬೆಲೆ ಇನ್ನೂ ಇಳಿದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಳೆಯ ಗೋಲಿ

ನಾನು 1980ರ ದಶಕದಲ್ಲಿ ಆಡಿದವನು. ಆಗ ಬ್ಯಾಕ್ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ನಾವು ನಿಶ್ಚಿಂತೆಯಿಂದ ಕೈಗೆತ್ತಿಕೊಳ್ಳುತ್ತಿದ್ದೆವು. 1992ರಲ್ಲಿ ನಿಯಮ ಬದಲಾಯಿತು. ಜೊತೆಗಾರ ಬೇಕೆಂದು ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಮುಟ್ಟುವಂತಿಲ್ಲ ಎಂದಾಯಿತು. ಮೂವತ್ತು ದಾಟಿದ್ದ ಎಷ್ಟೋ ಕೀಪರ್‌ಗಳು ಆ ವರ್ಷ ಹೊಸದಾಗಿ ಕಾಲಿನ ಕೆಲಸ ಕಲಿತರು, ನಾನೂ ಕಲಿತೆ. 2019ರಲ್ಲಿ ಗೋಲ್ ಕಿಕ್ಕಿನ ಚೆಂಡು ಬಾಕ್ಸಿನಿಂದ ಹೊರಗೆ ಹೋಗಲೇಬೇಕೆಂಬ ಕಟ್ಟಳೆಯನ್ನೂ ತೆಗೆದುಹಾಕಿದರು. ಕೀಪರ್‌ನ ಪಕ್ಕದಲ್ಲೇ ಇಬ್ಬರು ಸ್ಟಾಪರ್‌ಗಳು ನಿಂತು ಚೆಂಡು ಪಡೆಯುವ ದೃಶ್ಯ ನೀವು ಟಿವಿಯಲ್ಲಿ ನೋಡುತ್ತಿರುವುದು ಅದರ ಫಲ. ಹಾಗಾಗಿ ಕೋಚ್ ಅವರ ಯೋಚನೆಯನ್ನು ಫ್ಯಾಷನ್ ಎಂದು ತಳ್ಳಿಹಾಕಬಾರದು. ಎದುರಾಳಿಯ ಇಬ್ಬರು ಫಾರ್ವರ್ಡ್‌ಗಳು ಒತ್ತಡ ಹಾಕಲು ಬಂದಾಗ ನಮ್ಮ ಕಡೆ ಮೂವರು ಬ್ಯಾಕ್ ಮತ್ತು ಒಬ್ಬ ಕೀಪರ್ ಸೇರಿ ನಾಲ್ವರಿದ್ದರೆ, ಯಾರಾದರೊಬ್ಬರ ಕಾಲಿಗೆ ಬಿಡುವು ಸಿಕ್ಕೇ ಸಿಗುತ್ತದೆ. ಲೆಕ್ಕ ಇರುವುದು ಇಷ್ಟೇ.

ಪದ್ಧತಿಗಾಗಿ ಕೀಪರ್‌ನನ್ನು ಆರಿಸುವುದು ಗಾರ್ಡಿಯೋಲಾ ಕಾಲದ್ದೂ ಅಲ್ಲ. 1974ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಕೋಚ್ ರೀನುಸ್ ಮಿಖೆಲ್ಸ್ ಹೆಸರಾಂತ ಕೀಪರ್‌ಗಳಿದ್ದರೂ ಯಾನ್ ಯೊಂಗ್‌ಬ್ಲೂಡ್ ಅವರನ್ನು ಆಡಿಸಿದರು. ತಂಡದ ಬ್ಯಾಕ್‌ಗಳು ಮೈದಾನದ ನಡುವಿನವರೆಗೆ ಏರಿ ನಿಲ್ಲುತ್ತಿದ್ದುದರಿಂದ, ಅವರ ಬೆನ್ನ ಹಿಂದಿನ ಬಯಲಿಗೆ ಓಡಿಬಂದು ಚೆಂಡು ಹೊಡೆಯಬಲ್ಲ ಕೀಪರ್ ಬೇಕಿತ್ತು. ಹೆಸರುಗಳ ಅಕ್ಷರಕ್ರಮದಲ್ಲಿ ಅಂಕಿ ಹಂಚಿದ್ದರಿಂದ ಯೊಂಗ್‌ಬ್ಲೂಡ್ ಬೆನ್ನಿಗೆ 8 ಬಂತು. ಆ ತಂಡ ಫೈನಲ್ ತಲುಪಿತು.

ಸುಂಟಿಕೊಪ್ಪ ಗ್ಯಾಲರಿ

ನಮ್ಮೂರಿನ ಗೋಲ್ಡ್ ಕಪ್ ಫುಟ್‌ಬಾಲ್ ಪಂದ್ಯಾವಳಿ ನೋಡುತ್ತ ಬೆಳೆದ ನಮಗೆ ಕೀಪರ್ ಎಂದರೆ ಮೊದಲು ಕೈ, ಆಮೇಲೆ ಕಾಲು. ಬೇಸಿಗೆಯಲ್ಲಿ ಸೆವೆನ್ಸ್ (ತಂಡಕ್ಕೆ ಏಳೇ ಜನ) ಆಡುವಾಗಲಂತೂ ಮೈದಾನ ಚಿಕ್ಕದು, ಒಳ್ಳೆಯ ಕೈ ಇರುವ ಕೀಪರ್ ಚೆಂಡನ್ನು ಎಸೆದರೆ ಅದು ನೇರವಾಗಿ ಎದುರು ಬಾಕ್ಸಿನ ಬಾಯಿಗೆ ಬೀಳುತ್ತದೆ. ನಿಮ್ಮ ಹಳಬರ ಎಸೆತ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನೀವು ಬರೆದಿಲ್ಲ.

ಮೂರನೇ ಬ್ಯಾಕ್

ನಡುಗೆರೆಯನ್ನು ದಾಟಿ ಹೋಗುತ್ತದೆ. ಅದನ್ನು ಬರೆಯಬೇಕಿತ್ತು, ನೀವು ಕೇಳಿದ್ದು ನ್ಯಾಯ.

ಸ್ಟಿಕ್ ಮತ್ತು ಚೆಂಡು

ನಾನು ಹಾಕಿಯವನು, ಆದರೂ ಕೀಪರ್ ವಿಷಯವಾದ್ದರಿಂದ ಬರೆಯುತ್ತಿದ್ದೇನೆ. ಎ.ಬಿ. ಸುಬ್ಬಯ್ಯ ಅವರಂಥ ಒಲಿಂಪಿಕ್ ಗೋಲ್‌ಕೀಪರ್‌ನನ್ನು ಕೊಟ್ಟ ಜಿಲ್ಲೆ ನಮ್ಮದು, ಕೀಪರ್ ಬೆಲೆ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹಾಕಿಯಲ್ಲಿ ಒಂದು ಗೋಲಿನ ಹಿನ್ನಡೆ ಇದ್ದರೆ ಕೊನೆಯ ನಿಮಿಷಗಳಲ್ಲಿ ಕೋಚ್ ಕೀಪರ್‌ನನ್ನೇ ಹೊರಗೆ ಕರೆಸಿ, ಇನ್ನೊಬ್ಬ ಆಟಗಾರನನ್ನು ಒಳಗೆ ಕಳುಹಿಸುತ್ತಾನೆ. ಯಾವ ಕೀಪರ್ ಕೂಡ ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಅದು ಆಟದ ಲೆಕ್ಕ. ಫುಟ್‌ಬಾಲ್ ಮಂದಿ ಇದನ್ನು ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ?

ಗದ್ದೆ ಬದಿ

ಯಾಕೆಂದರೆ ಹಾಕಿಯ ಆ ಕೀಪರ್ ಮುಂದಿನ ಪಂದ್ಯದ ಮೊದಲ ನಿಮಿಷಕ್ಕೆ ಮತ್ತೆ ಗೋಲಿನಲ್ಲಿರುತ್ತಾನೆ. ಫುಟ್‌ಬಾಲಿನಲ್ಲಿ ಸ್ಟ್ರೈಕರ್ ಬೆಂಚಿನಲ್ಲಿದ್ದರೂ ಕೊನೆಯ 20 ನಿಮಿಷವಾದರೂ ಇಳಿಯಬಹುದು. ಎರಡನೇ ಕೀಪರ್‌ಗೆ ಮೊದಲನೆಯವನು ಗಾಯಗೊಂಡರೆ ಮಾತ್ರ ಆಟ. ಜೊತೆಗಾರನ ಗಾಯಕ್ಕಾಗಿ ಕಾದು ಕೂರುವುದು ಒಳ್ಳೆಯ ಮನುಷ್ಯನಿಗೆ ಎಷ್ಟು ಕಷ್ಟ ಎಂದು ಯೋಚಿಸಿ.

ಹಳೆಯ ಗ್ಲೌಸ್

ಮೇಲೆ ಬರೆದಿರುವ 33 ವರ್ಷದವನು ನಾನೇ. ಬರೆಯಬಾರದು ಎಂದುಕೊಂಡಿದ್ದೆ, ಆದರೆ ಇಷ್ಟು ಜನ ನನ್ನ ಪರವಾಗಿ ಮಾತನಾಡುತ್ತಿರುವಾಗ ಸುಮ್ಮನಿರುವುದು ಸರಿ ಕಾಣಲಿಲ್ಲ.

ಯಾರನ್ನು ಆಡಿಸಬೇಕು ಎನ್ನುವುದು ಕೋಚ್ ಕೆಲಸ, ಅದನ್ನು ನಾನು ಯಾವತ್ತೂ ಪ್ರಶ್ನಿಸಿಲ್ಲ. ಸಿಟ್ಟಿಲ್ಲ ಎಂದರೆ ಮಾತ್ರ ಸುಳ್ಳಾಗುತ್ತದೆ. ಶುಕ್ರವಾರ ಸಂಜೆ ನಾವಿಬ್ಬರೂ ಗೋಲು ಕಂಬದ ಪಕ್ಕ ನಿಂತು ಕಾರ್ನರ್ ಕಿಕ್ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದೆವು. ಆಗ ಒಂದು ಮಾತೂ ಬರಲಿಲ್ಲ. ರಾತ್ರಿ ಹತ್ತಕ್ಕೆ ಹುಣಸೂರಿನಿಂದ ಖಾಲಿ ಪಿಕಪ್ ತರುತ್ತಿದ್ದವನು ತಿತಿಮತಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿ ಮೊಬೈಲ್ ತೆಗೆದರೆ, ವಾಟ್ಸಾಪ್ ಗುಂಪಿನ ಪಟ್ಟಿಯಲ್ಲಿ ನನ್ನ ಹೆಸರು 14ನೆಯದಾಗಿತ್ತು. ಕೈ ತಪ್ಪಿ ಕೆಳಗೆ ಹೋಗಿರಬೇಕು ಎಂದುಕೊಂಡು ಎರಡು ಸಲ ಮೇಲಿನಿಂದ ಓದಿದೆ.

ಇನ್ನು ಆಟದ ಬಗ್ಗೆ ಎರಡು ಮಾತು. ಒಂದು, 23ನೇ ನಿಮಿಷದ ಗೋಲು ಆ ಹುಡುಗನ ತಪ್ಪಲ್ಲ. ಎಡ ಸ್ಟಾಪರ್ ಗೆರೆಯ ಕಡೆಗೆ ಅಗಲವಾಗಿ ಸರಿದು ಮುಖ ಮೈದಾನದ ಕಡೆಗೆ ತಿರುಗಿಸಿ ನಿಲ್ಲಬೇಕಿತ್ತು. ಆತ ಕೀಪರ್‌ಗೆ ನೇರವಾಗಿ, ಆ ತಗ್ಗಿನಲ್ಲೇ ನಿಂತು ಚೆಂಡು ಕೇಳಿದ. ಬೆಂಚಿನಿಂದ ನನಗೆ ಅದು ಚೆನ್ನಾಗಿ ಕಾಣುತ್ತಿತ್ತು. ಎರಡು, ನನ್ನ ಕಾಲಿಗೆ ಪಾಸ್ ಬರುವುದಿಲ್ಲ ಎನ್ನುವುದು ನಿಜ, ಆದರೆ ಜೂನ್‌ನಿಂದ ಇಲ್ಲಿಯವರೆಗೆ ಕಲಿಯುತ್ತೀಯಾ ಎಂದು ನನ್ನನ್ನು ಯಾರೂ ಕೇಳಿಲ್ಲ.

ಕಕ್ಕಡದ ಮಳೆ

ಅಣ್ಣಾ, ನಿಮ್ಮ ಬರಹವನ್ನು ಓದಿ ಮಾತು ಬರಲಿಲ್ಲ.

ಮೂರನೇ ಬ್ಯಾಕ್

ನೀವು ಬರೆದದ್ದರಲ್ಲಿ ಅಲ್ಲಗಳೆಯುವಂಥದ್ದು ಒಂದೂ ಇಲ್ಲ. ಅಂದು ಗೋಲು ಕಂಬದ ಬಳಿ ನಿಂತಾಗ ಹೇಳಬೇಕೆಂದೇ ಬಂದಿದ್ದೆ. ನೀವು ಕಾರ್ನರ್‌ಗೆ ಹೇಗೆ ನಿಲ್ಲುತ್ತೀರಿ ಎಂದು ಅಷ್ಟು ಉತ್ಸಾಹದಿಂದ ತೋರಿಸುತ್ತಿದ್ದಾಗ ಬಾಯಿ ಬರಲಿಲ್ಲ. ಆಮೇಲೆ ಪಟ್ಟಿಯ ಹಿಂದೆ ಅವಿತುಕೊಂಡೆ. ಎಲ್ಲರ ಎದುರಿಗೆ ನಡೆದ ತಪ್ಪಿಗೆ ಎಲ್ಲರ ಎದುರಿಗೇ ಕ್ಷಮೆ ಕೇಳುತ್ತಿದ್ದೇನೆ. ನಾಳೆ ನಿಮ್ಮ ಮನೆಗೂ ಬರುತ್ತೇನೆ.

ಕಲಿಸುವ ಬಗ್ಗೆ ನೀವು ಕೇಳಿದ್ದು ಇನ್ನೂ ಹೆಚ್ಚು ಚುಚ್ಚಿತು. ನಿಮ್ಮ ವಯಸ್ಸನ್ನು ನೋಡಿ, ಕೇಳುವ ಮೊದಲೇ ಉತ್ತರವನ್ನು ನಾನೇ ನಿರ್ಧರಿಸಿಬಿಟ್ಟಿದ್ದೆ.

ಬ್ರಹ್ಮಗಿರಿ ಗನ್ನರ್

ಇಬ್ಬರೂ ಇಷ್ಟು ತೆರೆದ ಮನಸ್ಸಿನಿಂದ ಬರೆದದ್ದು ದೊಡ್ಡದು. ಆದರೂ ತೀರ್ಮಾನ ಮೆದುವಾಗಬಾರದು ಎಂದು ಹೇಳಬೇಕಾಗಿದೆ. ಇಂಗ್ಲೆಂಡ್‌ನ ಆರ್ಸೆನಲ್‌ನಲ್ಲಿ ಕೀಪರ್ ರಾಮ್ಸ್‌ಡೇಲ್ ಜನರ ಕಣ್ಮಣಿಯಾಗಿದ್ದರು. 2022–23ರಲ್ಲಿ ತಂಡ ಲೀಗ್ ಪ್ರಶಸ್ತಿಯ ಹತ್ತಿರ ಹೋದಾಗ ಗೋಲಿನಲ್ಲಿದ್ದವರು ಅವರು. ದೊಡ್ಡ ತಪ್ಪೇನೂ ಮಾಡಿರಲಿಲ್ಲ. ಆದರೂ ಸೆಪ್ಟೆಂಬರ್ 2023ರಲ್ಲಿ ಎವರ್ಟನ್ ವಿರುದ್ಧ ಕೋಚ್ ಅರ್ಟೆಟಾ ಅವರ ಬದಲಿಗೆ ರಾಯಾ ಅವರನ್ನು ಇಳಿಸಿದರು. ನಾನೂ ಅಂದು ಬೈದವನೇ. ರಾಯಾ ಆ ಋತುವಿನಲ್ಲಿ 16 ಪಂದ್ಯಗಳಲ್ಲಿ ಗೋಲು ಬಿಡದೆ ಗೋಲ್ಡನ್ ಗ್ಲೌ ಪಡೆದರು, ಪೋರ್ಟೊ ವಿರುದ್ಧ ಪೆನಾಲ್ಟಿ ತಡೆದು ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್‌ಗೆ ತಂಡವನ್ನು ಕೊಂಡೊಯ್ದರು. ಇಬ್ಬರನ್ನೂ ಅದಲುಬದಲಾಗಿ ಆಡಿಸುತ್ತಾ ಹೋಗಿದ್ದರೆ ಬ್ಯಾಕ್‌ಗಳಿಗೆ ಹಿಂದಿನಿಂದ ಯಾವ ದನಿ ಬರುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ.

ಗೋಣಿಕೊಪ್ಪ ರೈಟ್ ಬ್ಯಾಕ್

ಮ್ಯಾಂಚೆಸ್ಟರ್ ಯುನೈಟೆಡ್ ಕಥೆ ಇದಕ್ಕೆ ತದ್ವಿರುದ್ಧ. ಡಿ ಹೆಯಾ 12 ವರ್ಷ ಅಲ್ಲಿದ್ದವರು. 2022–23ರಲ್ಲಿ 17 ಪಂದ್ಯಗಳಲ್ಲಿ ಗೋಲು ಬಿಡದೆ ಗೋಲ್ಡನ್ ಗ್ಲೌ ಪಡೆದ ಬೇಸಿಗೆಯಲ್ಲೇ ಒಪ್ಪಂದ ಮುಗಿದು ಹೊರಬಿದ್ದರು. ಕಾಲಿನ ಆಟಕ್ಕೆಂದು ಇಂಟರ್‌ನಿಂದ ಬಂದ ಒನಾನಾ, ಗಲಾಟಸರಾಯ್ ವಿರುದ್ಧದ 3–3ರ ಪಂದ್ಯದಲ್ಲಿ ತಪ್ಪು ಮಾಡಿದ್ದು ಕೈಯಿಂದಲೇ. 2025ರಲ್ಲಿ ಅವರನ್ನೂ ಟರ್ಕಿಗೆ ಸಾಲವಾಗಿ ಕಳುಹಿಸಿದರು. ಮುಂದಿರುವ ಹತ್ತು ಮಂದಿ ಪದ್ಧತಿಗೆ ಸಿದ್ಧರಿಲ್ಲದೆ ಕೀಪರ್‌ನನ್ನು ಮಾತ್ರ ಬದಲಿಸಿದರೆ ಹೀಗಾಗುತ್ತದೆ. ಹಳೆಯ ಗ್ಲೌಸ್ ಅವರು ಎಡ ಸ್ಟಾಪರ್ ನಿಂತ ಜಾಗದ ಬಗ್ಗೆ ಹೇಳಿದ್ದು ಇದನ್ನೇ. ಕೋಚ್ ಅವರೇ, ಮೊದಲು ಆ ಮೂವರು ಬ್ಯಾಕ್‌ಗಳಿಗೆ ನಿಲ್ಲುವುದನ್ನು ಕಲಿಸಿ.

ಗೇಟಿನ ಹೊರಗಿನ ತಾಯಿ

ನನಗೆ ಪದ್ಧತಿ ಗೊತ್ತಿಲ್ಲ. ನನ್ನ ಮಗನೂ ಬೇರೊಂದು ಊರಿನ ತಂಡದಲ್ಲಿ ಗೋಲು ಕಾಯುತ್ತಾನೆ, ಅವನಿಗೆ 17. ಇಲ್ಲಿ ಕೋಚ್ ಬಗ್ಗೆ ಮಾತಾಯಿತು, ಹಿರಿಯ ಕೀಪರ್ ಬಗ್ಗೆ ಮಾತಾಯಿತು. 19 ವರ್ಷದ ಆ ಹುಡುಗನ ಬಗ್ಗೆ ಒಳ್ಳೆಯ ಮಾತು ಬರೆದವರು ಅವನ ಜಾಗಕ್ಕೆ ಬರಬೇಕಾದ ಹಿರಿಯರೊಬ್ಬರೇ. ಸ್ವಂತ ಊರಿನ ಮೈದಾನದಲ್ಲಿ, ಸ್ವಂತ ಊರಿನವರು ಇನ್ನೊಬ್ಬರ ಹೆಸರು ಕೂಗುತ್ತಿರುವಾಗ 67 ನಿಮಿಷ ಗೋಲಿನಲ್ಲಿ ನಿಂತವನು ಅವನು. ಒಮ್ಮೆ ನನ್ನ ಮಗನಿಗೆ ಹೀಗಾದಾಗ ಮನೆಗೆ ಬಂದು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅರ್ಧ ಗಂಟೆ ಹೊರಗೆ ಬರಲಿಲ್ಲ. ಯಾರನ್ನಾದರೂ ಆಡಿಸಿ, ಆದರೆ ಗೇಟಿನ ಬಳಿ ಕೂಗುವವರಿಗೆ ಊರಿನ ಹಿರಿಯರು ಯಾರಾದರೂ ಒಂದು ಮಾತು ಹೇಳಿ.

ಹಳೆಯ ಗ್ಲೌಸ್

ಅಮ್ಮಾ, ಅವರಲ್ಲಿ ಹೆಚ್ಚಿನವರು ನನ್ನ ಸ್ನೇಹಿತರೇ. ನಾನೇ ಹೇಳುತ್ತೇನೆ. ಮುಂದಿನ ಪಂದ್ಯದಲ್ಲಿ ಅವರು ಕೂಗುವುದಿಲ್ಲ.

ಹಳೆಯ ಗೋಲಿ

33ಕ್ಕೆ ಕಾಲು ಕಲಿಯಬಹುದೇ ಎಂದು ಯಾರಾದರೂ ಕೇಳುವ ಮೊದಲು ಹೇಳುತ್ತೇನೆ: ಕಲಿಯಬಹುದು. ಎಡರ್ಸನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ದಿನಕ್ಕೆ ಅರ್ಧ ಗಂಟೆ, ಗೋಡೆಗೆ ಎರಡೂ ಕಾಲಿನಿಂದ ಹೊಡೆದು, ಹಿಂದಿರುಗಿದ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಪಕ್ಕಕ್ಕೆ ತೆಗೆದುಕೊಳ್ಳುವುದು. ಆಮೇಲೆ ಅದನ್ನೇ ಒಬ್ಬರು ಎದುರಿನಿಂದ ಓಡಿಬರುತ್ತಿರುವಾಗ ಮಾಡುವುದು. ಮೂರು ತಿಂಗಳಲ್ಲಿ 15 ಮೀಟರ್ ಪಾಸ್ ಹೆದರಿಕೆಯಿಲ್ಲದೆ ಹೋಗುತ್ತದೆ. 2025ರಿಂದ ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್ ಕೊಡುವ ನಿಯಮ ಬಂದಿದೆ, ಆದ್ದರಿಂದ ಬೇಗ ಬಿಡುಗಡೆ ಮಾಡುವ ಅಭ್ಯಾಸ ಹೇಗೂ ಬೇಕು. ಅವರ ಆ ದೂರದ ಎಸೆತಕ್ಕೆ ಇಲ್ಲಿ ಬೆಲೆ ಬರುತ್ತದೆ.

ಮೂರನೇ ಬ್ಯಾಕ್

ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಎರಡು ಗಂಟೆ ಮಾತನಾಡಿದೆವು. ನನ್ನ ತೀರ್ಮಾನವನ್ನು ಇಲ್ಲಿಯೂ ತಿಳಿಸುತ್ತೇನೆ. ಪದ್ಧತಿಯನ್ನು ಬಿಡುವುದಿಲ್ಲ, ಯಾಕೆಂದರೆ ನಮ್ಮ ಹುಡುಗರ ಎತ್ತರಕ್ಕೆ ಬೇರೆ ದಾರಿ ಕಾಣುತ್ತಿಲ್ಲ. ಈ ತಿಂಗಳ ಉಳಿದ ಎರಡು ಪಂದ್ಯಗಳಿಗೂ 19ರ ಹುಡುಗನೇ ಗೋಲಿನಲ್ಲಿರುತ್ತಾನೆ, ಆದರೆ ಶಾಲೆಯ ಕಡೆಯ ತಗ್ಗಿಗೆ ಯಾರೂ ಪಾಸ್ ಹಾಕುವಂತಿಲ್ಲ, ಆ ಬದಿಯಲ್ಲಿ ಚೆಂಡು ನೇರವಾಗಿ ಮುಂದಕ್ಕೆ ಹೋಗಬೇಕು. ನವೆಂಬರ್‌ನಿಂದ ಇಬ್ಬರಿಗೂ ಒಂದೇ ಅಭ್ಯಾಸ. ಫೆಬ್ರವರಿಯಲ್ಲಿ ಒಣ ಮೈದಾನದಲ್ಲಿ ಇಬ್ಬರನ್ನೂ ನೋಡಿ ಬೇಸಿಗೆಯ ಪಂದ್ಯಾವಳಿಗಳಿಗೆ ಒಬ್ಬರನ್ನು ಆರಿಸುತ್ತೇನೆ, ಆ ಹೆಸರನ್ನು ಮೊದಲು ಅವರಿಬ್ಬರಿಗೆ ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಅವರು ಇದಕ್ಕೆ ಪೂರ್ತಿ ಒಪ್ಪಲಿಲ್ಲ. ಅಕ್ಟೋಬರ್‌ನ ಕೆಸರಿನಲ್ಲಿ ತಾನೇ ಆಡಬೇಕಿತ್ತು ಎಂದು ಬಾಗಿಲವರೆಗೂ ಬಂದು ಹೇಳಿದರು.

ಗದ್ದೆ ಬದಿ

ಅವರು ಹೇಳಿದ್ದೇ ಸರಿ ಎಂದು ನಾನು ಈಗಲೂ ನಂಬುತ್ತೇನೆ. ಆದರೂ ಭಾನುವಾರ ಪಂದ್ಯಕ್ಕೆ ಬಂದು ಹುಡುಗನಿಗೇ ಚಪ್ಪಾಳೆ ತಟ್ಟುತ್ತೇನೆ.

ಕಕ್ಕಡದ ಮಳೆ

ಶಾಲೆಯ ಕಡೆ ನೀರು ನಿಲ್ಲುವುದು ಗೋಲು ಕಂಬದ ಹಿಂದಿನ ಚರಂಡಿ ಸಿಲ್ವರ್ ಓಕ್ ಎಲೆಗಳಿಂದ ಕಟ್ಟಿಕೊಂಡಿರುವುದರಿಂದ. ಶನಿವಾರ ಮೂರು ಗಂಟೆಗೆ ನಾವು ನಾಲ್ವರು ಗುದ್ದಲಿ ಹಿಡಿದುಕೊಂಡು ಬರುತ್ತೇವೆ. ಹಳೆಯ ಗ್ಲೌಸ್ ಅಣ್ಣಾ, ಪಿಕಪ್ ತಂದರೆ ಮಣ್ಣನ್ನು ಅದರಲ್ಲೇ ಸಾಗಿಸಬಹುದು.